ಸೊನ್ನೆಗೆ ಇಟ್ಟರೂ ದಿಗಂತ ಮುರಿದು ಕಾಣುತ್ತದೆ, ಸ್ಕ್ರೂ ತಿರುಗಿಸಲೇ?

ಪ್ರಶ್ನೆ: ಹಳೆಯ ಸೆಕ್ಸ್‌ಟೆಂಟ್ (ಕಡಲಲ್ಲಿ ಸೂರ್ಯ, ನಕ್ಷತ್ರಗಳ ಎತ್ತರ ಅಳೆಯುವ ಸಾಧನ) ಒಂದನ್ನು ಕೊಂಡಿದ್ದೇನೆ. ಸೊನ್ನೆಗೆ ಇಟ್ಟು ಕಡಲ ಕಡೆ ನೋಡಿದರೆ ದಿಗಂತದ ಗೆರೆ ಮೆಟ್ಟಿಲಿನ ಹಾಗೆ ಮುರಿದಿರುತ್ತದೆ. ಕನ್ನಡಿ ಹಿಂದಿನ ಸ್ಕ್ರೂ ತಿರುಗಿಸಿ ಸರಿ ಮಾಡಲೇ?

ಉತ್ತರ: ಸ್ಕ್ರೂಗೆ ಈಗಲೇ ಕೈ ಹಾಕಬೇಡಿ. ಮೊದಲು ತಪ್ಪು ಎಷ್ಟಿದೆ ಅಂತ ಅಳೆಯಿರಿ.

ಡ್ರಮ್ (ಮಿನಿಟ್ ಗುರುತುಗಳಿರುವ ತಿರುಗುವ ಗುಂಡಿ) ತಿರುಗಿಸುತ್ತಾ ದಿಗಂತವನ್ನು ಒಂದೇ ನೇರ ಗೆರೆ ಮಾಡಿ. ಈಗ ಅಂಕಿ ಓದಿ. ಸೊನ್ನೆಯ ಈಚೆಗೆ, ಅಂದರೆ ಆರ್ಕ್ (ಡಿಗ್ರಿ ಗೀಟುಗಳಿರುವ ಬಿಲ್ಲಿನಾಕಾರದ ಪಟ್ಟಿ) ಮೇಲೆ ಅಂಕಿ ಏರುವ ಕಡೆ, 2 ಮಿನಿಟ್ ತೋರಿಸಿದರೆ ಅದು ‘ಆನ್ ದಿ ಆರ್ಕ್’, ನಿಮ್ಮ ಅಳತೆಯಿಂದ ಕಳೆಯಬೇಕು. ಸೊನ್ನೆ ದಾಟಿ ಆಚೆ ಹೋಗಿದ್ದರೆ ‘ಆಫ್ ದಿ ಆರ್ಕ್’, ಕೂಡಿಸಬೇಕು. ಎಡವುವುದು ಇಲ್ಲೇ. ಆಚೆ ಹೋದಾಗ ಡ್ರಮ್ ಮೇಲೆ 58.4 ಅಂತ ಕಾಣುತ್ತದೆ. ತಪ್ಪು 58.4 ಅಲ್ಲ, 60ರಿಂದ ಅದನ್ನು ಕಳೆದು ಉಳಿದ 1.6.

ಇಲ್ಲಿ ಮಿನಿಟ್ ಅಂದರೆ ಗಡಿಯಾರದ್ದಲ್ಲ, ಡಿಗ್ರಿಯಲ್ಲಿ 60ನೇ ಒಂದು ಪಾಲು. ಸೂರ್ಯನ ಎತ್ತರ ಒಂದು ಮಿನಿಟ್ ತಪ್ಪಿದರೆ ಚಾರ್ಟ್ ಮೇಲೆ ಒಂದು ನಾಟಿಕಲ್ ಮೈಲಿ, 1,852 ಮೀಟರ್ ತಪ್ಪುತ್ತದೆ. ಕಲಿಯುವ ದಿನಗಳಲ್ಲಿ ನಾನು ಒಂದು ಮಧ್ಯಾಹ್ನ, ಕಳೆಯಬೇಕಿದ್ದ 2.4 ಮಿನಿಟನ್ನು ಕೂಡಿಸಿಬಿಟ್ಟಿದ್ದೆ. ತಪ್ಪು ಇಮ್ಮಡಿಯಾಗಿ 4.8 ಮೈಲಿ. ಹಡಗನ್ನು ಸುಮಾರು 9 ಕಿಲೋಮೀಟರ್ ಎತ್ತಿ ಬೇರೆ ಕಡೆ ಇಟ್ಟ ಹಾಗಾಯಿತು!

ಈ ಇಂಡೆಕ್ಸ್ ಎರರ್ ಮೂರು ಮಿನಿಟ್ ಒಳಗಿದ್ದರೆ ಹಾಗೇ ಬಿಡಿ. ಪದೇ ಪದೇ ತಿರುಗಿಸಿದ ಸ್ಕ್ರೂ ಸಡಿಲವಾಗುತ್ತದೆ, ಆಮೇಲೆ ತಪ್ಪು ದಿನಕ್ಕೊಂದು ಥರ. ಪ್ರತಿ ಸಲ ಅಳೆಯುವ ಮುಂಚೆ ಒಮ್ಮೆ ನೋಡಿ ಬರೆದಿಟ್ಟುಕೊಂಡರೆ ಸಾಕು.

ಸುಮ್ನೆ ಮನೆ ತಾರಸಿಯಿಂದ ಬೀದಿ ದೀಪ ನೋಡಿ ಪರೀಕ್ಷೆ ಮಾಡಬೇಡಿ. ಎರಡು ಕನ್ನಡಿಗಳ ನಡುವೆ ಕೆಲವು ಸೆಂಟಿಮೀಟರ್ ಅಂತರ ಇರುತ್ತದೆ, ಅಲ್ವಾ? ನೂರು ಮೀಟರ್ ದೂರದ ಕಂಬಕ್ಕೆ ಅದೇ ಒಂದೆರಡು ಮಿನಿಟ್ ಸುಳ್ಳು ಹೇಳಿಸುತ್ತದೆ. ಮಲ್ಪೆ ಬೀಚಿನಲ್ಲಿ ನಿಂತರೂ ದಿಗಂತ ಐದು ಕಿಲೋಮೀಟರ್ ದೂರ, ಅದು ಸಾಕು. ನಕ್ಷತ್ರ ಸಿಕ್ಕರೆ ಇನ್ನೂ ಒಳ್ಳೆಯದು.

ನನಗೆ ಹೆಚ್ಚು ನಂಬಿಕೆ ಸೂರ್ಯನ ಮೇಲೆ. ಎರಡೂ ಕಡೆಯ ಕಪ್ಪು ಗಾಜು ಹಾಕಿಯೇ ನೋಡಿ, ಕಣ್ಣಿನ ವಿಷಯ. ಎರಡು ಸೂರ್ಯಬಿಂಬಗಳ (ಒಂದು ನೇರ ಕಾಣುವುದು, ಒಂದು ಕನ್ನಡಿಯದು) ಅಂಚು ಒಂದಕ್ಕೊಂದು ತಾಗುವಂತೆ ಮಾಡಿ ಓದಿ. ಆಮೇಲೆ ಮೇಲಿನದನ್ನು ಕೆಳಗೆ ತಂದು ಇನ್ನೊಂದು ಅಂಚು ತಾಗಿಸಿ ಓದಿ. ಒಂದು ಸಲ ಆನ್ 33.8, ಇನ್ನೊಂದು ಸಲ ಆಫ್ 30.6 ಬಂತು ಅನ್ನಿ. ವ್ಯತ್ಯಾಸದ ಅರ್ಧ 1.6, ಅದೇ ನಿಮ್ಮ ತಪ್ಪು, ಆನ್ ದಿ ಆರ್ಕ್. ಎರಡನ್ನೂ ಕೂಡಿಸಿ ನಾಲ್ಕರಿಂದ ಭಾಗಿಸಿದರೆ 16.1. ಅಲ್ಮನಾಕ್‌ನಲ್ಲಿ (ಸೂರ್ಯ, ನಕ್ಷತ್ರಗಳ ದಿನದಿನದ ಲೆಕ್ಕ ಇರುವ ಪುಸ್ತಕ) ಆ ದಿನದ ಸೂರ್ಯನ ಅರೆವ್ಯಾಸ ಅಷ್ಟೇ ಇದ್ದರೆ ನೀವು ಸರಿಯಾಗಿ ಓದಿದ್ದೀರಿ. ಬೇರೆ ಯಾವ ಪರೀಕ್ಷೆಯೂ ಹೀಗೆ ತನ್ನ ತಾಳೆ ತಾನೇ ನೋಡುವುದಿಲ್ಲ. ಡ್ರಮ್ ಮಾತ್ರ ಪ್ರತಿ ಸಲ ಒಂದೇ ದಿಕ್ಕಿನಿಂದ ತಿರುಗಿಸುತ್ತಾ ಬನ್ನಿ. ಹಳೆಯದರಲ್ಲಿ ಹಲ್ಲು ಸವೆದಿರುತ್ತದೆ.

ತಪ್ಪು ಜಾಸ್ತಿ ಇದ್ದರೆ ಸ್ಕ್ರೂ ಅನಿವಾರ್ಯ, ಆದರೆ ಸರದಿ ತಪ್ಪಬಾರದು. ಮೊದಲು, ಆರ್ಕ್ ಮೇಲೆ ಸರಿದಾಡುವ ತೋಳಿನ ಮೇಲಿನ ಇಂಡೆಕ್ಸ್ ಕನ್ನಡಿ. ತೋಳನ್ನು ಆರ್ಕ್‌ನ ನಡುಮಧ್ಯೆ ಇಟ್ಟು, ಆ ಕನ್ನಡಿಯೊಳಗೆ ಓರೆಯಾಗಿ ಇಣುಕಿ. ಆರ್ಕ್ ಮತ್ತು ಅದರ ಬಿಂಬ ಒಂದೇ ಪಟ್ಟಿಯಾಗಿ ಕಾಣಬೇಕು. ಎರಡನೆಯದು ಸೈಡ್ ಎರರ್. ದಿಗಂತವನ್ನು ಕೂಡಿಸಿಕೊಂಡು ಸೆಕ್ಸ್‌ಟೆಂಟನ್ನು ಪಕ್ಕಕ್ಕೆ ವಾಲಿಸಿ. ಗೆರೆ ಮುರಿದರೆ ಹೊರೈಜನ್ ಗ್ಲಾಸ್ (ಚೌಕಟ್ಟಿಗೆ ಕೂರಿಸಿದ ಎರಡನೇ ಕನ್ನಡಿ) ವಾಲಿದೆ ಅಂತ ಅರ್ಥ. ಇಂಡೆಕ್ಸ್ ಎರರ್ ಕೊನೆಗೆ. ಇದರ ಸ್ಕ್ರೂ ಕೂಡ ಅದೇ ಗಾಜಿನ ಹಿಂದಿದೆ, ಹಾಗಾಗಿ ಒಂದನ್ನು ಸರಿ ಮಾಡಿದಾಗ ಇನ್ನೊಂದು ಸ್ವಲ್ಪ ಕದಲುತ್ತದೆ. ಎರಡು ಮೂರು ಸುತ್ತು ಬೇಕಾಗಬಹುದು, ಪ್ರತಿ ಸಲ ಕಾಲು ಸುತ್ತಿಗಿಂತ ಕಡಿಮೆ.

ಆರ್ಕ್‌ನ ಗೀಟುಗಳಲ್ಲೇ ದೋಷ ಇದ್ದರೆ ಅದು ನಿಮ್ಮ ಕೈಯಲ್ಲಿಲ್ಲ. ಪೆಟ್ಟಿಗೆ ಮುಚ್ಚಳದ ಒಳಗೆ ಹಳದಿಗಟ್ಟಿದ ಸರ್ಟಿಫಿಕೇಟ್ ಅಂಟಿಸಿದೆಯಾ ನೋಡಿ. ಆ ದೋಷ ಎಷ್ಟು ಅಂತ ಅದರಲ್ಲಿ ಬರೆದಿರುತ್ತದೆ. ಪೆಟ್ಟಿಗೆಗೆ ಪಾಲಿಶ್ ಹಾಕಿಸುವಾಗ ಅದನ್ನು ಕೀಳಬೇಡಿ.