ಡಬ್ಬಿ ಮೇಲಿನ ‘100%’ ಯಾವುದರ ಲೆಕ್ಕ?

ಬಾಗಲಕೋಟೆ ನವನಗರದ ನಮ್ಮ ಕಾರ್ ಡಿಟೇಲಿಂಗ್ (ಕಾರು ತೊಳೆದು ಹೊಳಪು ಕೊಡುವ) ಅಂಗಡಿಗೆ ಈಗೀಗ ಜನ ಕಾರಿನ ಪೇಂಟಿಗೆ ಹಚ್ಚುವ ವ್ಯಾಕ್ಸ್ ಡಬ್ಬಿ ತಾವೇ ಹಿಡಿದುಕೊಂಡು ಬರುತ್ತಾರೆ. ಮುಚ್ಚಳದ ಮೇಲೆ ಬಂಗಾರದ ಅಕ್ಷರದಲ್ಲಿ ‘100% ಶುದ್ಧ ಕಾರ್ನೌಬಾ’. “ಇದನ್ನ ಹಚ್ರಿ, ಇದರಾಗ ಬ್ಯಾರೆ ಏನೂ ಕೂಡಿಸಿಲ್ಲ” ಅನ್ನುತ್ತಾರೆ. ಬೇರೆ ಏನೂ ಕೂಡಿಸದಿದ್ದರೆ ಅದನ್ನು ಹಚ್ಚುವುದಾದರೂ ಹೇಗೆ?

ಕಾರ್ನೌಬಾ ಎಂದರೆ ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರದ ಎಲೆ ಮೇಲಿನ ಮೇಣ. ಕರಗಬೇಕಾದರೆ 82ರಿಂದ 86 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ನಮ್ಮೂರಿನ ಏಪ್ರಿಲ್ ಬಿಸಿಲಿಗೂ ಜಗ್ಗದ ಗಟ್ಟಿ ಮಾಲು. ಅದನ್ನು ಬಾನೆಟ್ ಮೇಲೆ ತಿಕ್ಕಿದರೆ ಹರಡುವುದಿಲ್ಲ, ಪುಡಿ ಉದುರುತ್ತದೆ. ಅದಕ್ಕೇ ಸಾಲ್ವೆಂಟ್ (ಮೇಣವನ್ನು ಕರಗಿಸುವ ದ್ರವ), ಎಣ್ಣೆ, ಕೆಲವು ಸಲ ಸಿಲಿಕೋನ್, ಬೇರೆ ಮೆತ್ತನೆ ಮೇಣ ಸೇರಿಸುತ್ತಾರೆ. ಇದು ಕಲಬೆರಕೆ ಅಲ್ಲ. ಹಚ್ಚಿದ ಮೇಲೆ ಸಾಲ್ವೆಂಟ್ ಆರಿಹೋಗುತ್ತದೆ, ತೆಳ್ಳನೆಯ ಪದರ ಉಳಿಯುತ್ತದೆ.

ಹಾಗಾದರೆ ಆ 100 ಎಲ್ಲಿಂದ ಬಂತು? ಅಮೀನಗಡದ ಕರದಂಟು ತಂದಿರುತ್ತೀರಿ. ಡಬ್ಬಿ ಮೇಲೆ ‘ಶುದ್ಧ ತುಪ್ಪದ್ದು’ ಅಂತ ಇದ್ದರೆ ಒಳಗೆ ಬರೀ ತುಪ್ಪ ಇದೆ ಅಂತ ಯಾರೂ ತಿಳಿಯುವುದಿಲ್ಲ. ಹಾಕಿದ ತುಪ್ಪ ಶುದ್ಧ, ಅಷ್ಟೇ. ಇಲ್ಲೂ ಸಾಮಾನ್ಯವಾಗಿ ಅದೇ ಲೆಕ್ಕ. ಹಾಕಿದ ಕಾರ್ನೌಬಾ ಶುದ್ಧ. ಎಷ್ಟು ಹಾಕಿದ್ದಾರೆ ಅನ್ನುವುದು ಬೇರೆ ಮಾತು. ಕರದಂಟಿನ ವಿಷಯದಲ್ಲಿ ಇಷ್ಟು ಚುರುಕಾಗಿರುವವರು ವ್ಯಾಕ್ಸ್ ಡಬ್ಬಿ ಮುಂದೆ ಯಾಕೆ ಮಂಕಾಗುತ್ತಾರೋ!

ಕಂಪನಿಯ ವೆಬ್‌ಸೈಟ್‌ನಲ್ಲಿ ಸುರಕ್ಷತಾ ಮಾಹಿತಿ ಹಾಳೆ ಸಿಕ್ಕರೆ ಓದಿ. ಕಾರ್ನೌಬಾ ಅಪಾಯದ ವಸ್ತುವಲ್ಲ, ಹಾಗಾಗಿ ಅದರ ಪ್ರಮಾಣ ಅಲ್ಲಿ ಇರಲೇಬೇಕು ಅಂತಿಲ್ಲ. ಆದರೆ ನ್ಯಾಫ್ತಾದಂಥ ಸಾಲ್ವೆಂಟ್ ಶೇಕಡಾ ಎಷ್ಟರಿಂದ ಎಷ್ಟು ಅಂತ ಅನೇಕ ಸಲ ಬರೆದಿರುತ್ತಾರೆ. ಅದೊಂದು ಸಾಲು ಮುಚ್ಚಳಕ್ಕಿಂತ ಜಾಸ್ತಿ ಹೇಳುತ್ತದೆ.

ನಮ್ಮ ಗಿರಾಕಿ ಒಬ್ಬರು, ಬಟ್ಟೆ ವ್ಯಾಪಾರಿ. ಕಪ್ಪು ಕಾರು, ಅದರ ಮೇಲೆ ಮಕ್ಕಳ ಮೇಲಿನಷ್ಟೇ ಪ್ರೀತಿ. ಮರದ ಪೆಟ್ಟಿಗೆಯಲ್ಲಿ ಬಂದ ವ್ಯಾಕ್ಸ್ ತಂದಿದ್ದರು. ಬಾನೆಟ್‌ನ ಅರ್ಧಕ್ಕೆ ಅದನ್ನು, ಇನ್ನರ್ಧಕ್ಕೆ ನಮ್ಮ ಅಂಗಡಿಯ ಸಾದಾ ಡಬ್ಬಿಯದನ್ನು ಹಚ್ಚಿ, “ನಿಮ್ಮದು ಯಾವುದು ಹೇಳ್ರಿ” ಅಂದೆ. ಸುತ್ತಿ ಸುತ್ತಿ ನೋಡಿದರು, ಕೊನೆಗೆ ಬಗ್ಗಿ ಮೂಸಿದರು! “ತೆಂಗಿನಕಾಯಿ ವಾಸನಿ ಬರಾಕತ್ತೈತಿ, ಇದ ನಂದು.” ಸರಿಯಾಗೇ ಹೇಳಿದರು. ಕಣ್ಣಿಗೆ ಗೊತ್ತಾಗಿರಲಿಲ್ಲ, ಮೂಗಿಗೆ ಗೊತ್ತಾಯಿತು. ಆ ಪರಿಮಳ ಸುಮ್ನೆ ಬೆರೆಸಿದ್ದು, ಪೇಂಟಿಗೆ ಅದರಿಂದ ಏನೂ ಇಲ್ಲ. ಒಂದೇ ಕಾರು, ಒಂದೇ ದಿನದ ನೋಟ ಅದು. ಎರಡರಲ್ಲಿ ಯಾವುದು ಹೆಚ್ಚು ತಿಂಗಳು ನಿಲ್ಲುತ್ತದೆ ಅಂತ ಅದರಿಂದ ಹೇಳಲು ಬರುವುದಿಲ್ಲ. ಅವರಿಗೆ ಆ ವಾಸನೆಯೇ ಇಷ್ಟವಾದರೆ ಬೇಡ ಅನ್ನಲು ನಾನ್ಯಾರು?

ಇನ್ನು ಜಾಹೀರಾತಿನ ನೀರ ಹನಿಗಳು. ಮುತ್ತಿನಂತೆ ಉರುಳುವ ಹನಿ ತೋರಿಸಿ ‘ರಕ್ಷಣೆ’ ಅನ್ನುತ್ತಾರೆ. ಹನಿ ಕಟ್ಟಿದರೆ ಮೇಲ್ಮೈ ನೀರನ್ನು ದೂರ ತಳ್ಳುತ್ತಿದೆ ಅಂತ ಅರ್ಥ, ಅಷ್ಟೇ. ತೆಳ್ಳನೆಯ ಸಿಲಿಕೋನ್ ಎಣ್ಣೆ ಸವರಿದರೂ ಹನಿ ಕಟ್ಟುತ್ತದೆ. ನಮ್ಮ ಕಡೆ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ತೊಳೆದು ಬಿಸಿಲಲ್ಲಿ ಬಿಟ್ಟರೆ ಅದೇ ಮುತ್ತಿನ ಹನಿ ಆರಿ ಬಿಳಿ ಸುಣ್ಣದ ಉಂಗುರ ಬೀಳುತ್ತದೆ. ಹಾಗಾಗಿ ಯಾವ ಡಬ್ಬಿಯದೇ ಹಚ್ಚಿ, ಗಾಡಿಯನ್ನು ನೆರಳಲ್ಲಿ ತೊಳೆದು, ನೀರು ಆರುವ ಮೊದಲೇ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ.