ಬ್ಯಾಟರಿ ಎಷ್ಟು ದೂರ ಬೀಳುತ್ತದೆ?

ನಮ್ಮ ಕಡೆ ಟಾರ್ಚಿಗೆ ಟಾರ್ಚ್ ಎನ್ನುವವರು ಕಡಿಮೆ. ಅದು ಬ್ಯಾಟರಿ; ಒಳಗೆ ಹಾಕುವುದು ಸೆಲ್ಲು. ಅದನ್ನು ಹಚ್ಚುವುದೂ ಇಲ್ಲ, ‘ಬಿಡುವುದು’, ಬಾಣ ಬಿಟ್ಟ ಹಾಗೆ. ರಾತ್ರಿ ನಾಯಿ ಒಂದೇ ಸಮನೆ ಬೊಗಳಿದರೆ ಅಜ್ಜ ಮೊಳೆಗೆ ತೂಗಿದ್ದ ಎವರೆಡಿಯ ಮೂರು ಸೆಲ್ಲಿನ ಬ್ಯಾಟರಿ ತೆಗೆದು, ಜಗಲಿಯ ತುದಿಗೆ ಬಂದು ತೋಟದ ಕಡೆ ಬಿಡುತ್ತಿದ್ದರು. ಸೆಲ್ಲು ಸೋತಿದ್ದರೆ ಎರಡು ದಿನ ಬಿಸಿಲಿಗಿಟ್ಟು ಮತ್ತೆ ಅದನ್ನೇ ಹಾಕುವುದು. ಒಂದು ರಾತ್ರಿ ಅಡಿಕೆ ಸಾಲಿನ ಕೊನೆಯಲ್ಲಿ ಎರಡು ಹಸಿರು ಕಿಡಿ ಹೊಳೆದು ಆರಿದವು. ಮೈ ಕಾಣಲಿಲ್ಲ, ಕಣ್ಣು ಮಾತ್ರ. ಕಾಡುಬೆಕ್ಕು ಎಂದರು ಅಜ್ಜ. ಕಣ್ಣಿನವರೆಗೆ ಹೋದ ಬೆಳಕು ಮೈಗೆ ಬೀಳಲಿಲ್ಲವೇ ಎಂಬ ಪ್ರಶ್ನೆ ನನಗೆ ಹತ್ತಿಕೊಂಡಿದ್ದು ಅಂದು. ಮುಂದೆ ಅದು ಹುಚ್ಚಾಗಿ, ದೂರಕ್ಕೆ ಬೆಳಕು ಎಸೆಯುವ ಟಾರ್ಚುಗಳನ್ನು ಕೈಯಾರೆ ಕಟ್ಟುವವರ ಸಾಲಿಗೆ ನಾನೂ ಸೇರಿದೆ. ಆ ಜಾತಿಯ ಟಾರ್ಚಿಗೆ ನಮ್ಮಲ್ಲಿ ‘ಥ್ರೋವರ್’ ಎನ್ನುವುದು ರೂಢಿ.

ಎಲ್ಲರಂತೆ ನಾನೂ ಮೊದಲು ಮೋಸ ಹೋದದ್ದು ಲ್ಯೂಮೆನ್ ನಂಬಿ. ಡಬ್ಬಿಯ ಮೇಲೆ 10,000 ಲ್ಯೂಮೆನ್ ಎಂದು ದಪ್ಪಕ್ಷರದಲ್ಲಿ ಬರೆದಿದ್ದ ಟಾರ್ಚೊಂದನ್ನು ಊರಿಗೆ ಒಯ್ದೆ. ಅಂಗಳವೆಲ್ಲ ಹಗಲಾಯಿತು. ತೋಟದಾಚೆಯ ಗುಡ್ಡ ಮಾತ್ರ ಕತ್ತಲಲ್ಲೇ ಉಳಿಯಿತು. ಡಬ್ಬಿ ಹೇಳಿದ್ದು ಅರ್ಧ ಸುಳ್ಳೇ ಇರಬಹುದು. ಆದರೆ ಪೂರ್ತಿ ನಿಜವಾಗಿದ್ದರೂ ಗುಡ್ಡಕ್ಕೆ ಅದರಿಂದ ಹೆಚ್ಚೇನೂ ಆಗುತ್ತಿರಲಿಲ್ಲ. ಲ್ಯೂಮೆನ್ ಎಂದರೆ ಟಾರ್ಚು ಎಲ್ಲ ದಿಕ್ಕಿಗೂ ಸೇರಿ ಒಟ್ಟು ಎಷ್ಟು ಬೆಳಕು ಸುರಿಯುತ್ತದೆ ಎಂಬ ಲೆಕ್ಕ. ದೂರಕ್ಕೆ ಬೇಕಾದದ್ದು ಕ್ಯಾಂಡೆಲಾ: ಒಂದೇ ದಿಕ್ಕಿಗೆ ಎಷ್ಟು ತೀವ್ರವಾಗಿ ಹೋಗುತ್ತದೆ ಎಂಬುದು.

ಹಾಗಾದರೆ ಇರುವ ಬೆಳಕನ್ನೆಲ್ಲ ಒತ್ತಿ ಸಣ್ಣ ಕಿರಣ ಮಾಡಿದರಾಯಿತಲ್ಲ? ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಚಿಮ್ಮುವುದಿಲ್ಲವೇ? ಈ ಹೋಲಿಕೆ ತುಂಬ ಜನರ ತಲೆಯಲ್ಲಿದೆ, ನನ್ನ ತಲೆಯಲ್ಲೂ ಇತ್ತು. ತಪ್ಪು. ಬೆಳಕನ್ನು ನೀರಿನ ಹಾಗೆ ಹಿಂಡಲಾಗದು. ಯಾವ ಕನ್ನಡಿಯೂ ಯಾವ ಲೆನ್ಸೂ ಬೆಳಕಿನ ಮೂಲವನ್ನು ಅದು ಇರುವುದಕ್ಕಿಂತ ಹೆಚ್ಚು ಪ್ರಖರವಾಗಿ ತೋರಿಸಲಾರದು.

ಇದನ್ನು ಕಣ್ಣಾರೆ ನೋಡಬಹುದು. ಟಾರ್ಚನ್ನು ಅತಿ ಕಡಿಮೆ ಬೆಳಕಿಗಿಟ್ಟು ಇಪ್ಪತ್ತು ಮೀಟರ್ ದೂರ ನಿಂತು ಅದರ ಬಾಯಿಯನ್ನೇ ನೇರ ನೋಡಿ (ಪೂರ್ತಿ ಬೆಳಕಿನಲ್ಲಿ ಖಂಡಿತ ಬೇಡ). ಎಲ್‌ಇಡಿ ಒಂದು ಚುಕ್ಕಿಯಾಗಿ ಕಾಣುವುದಿಲ್ಲ. ರಿಫ್ಲೆಕ್ಟರಿನ ಇಡೀ ಬಟ್ಟಲು ಅಂಚಿನವರೆಗೆ ಹಳದಿ ಬಣ್ಣದಿಂದ ತುಂಬಿರುತ್ತದೆ. ಆ ಹಳದಿ ಎಲ್‌ಇಡಿಯ ಮೈ ಮೇಲಿನ, ಒಳಗಿನ ನೀಲಿ ಬೆಳಕನ್ನು ಬಿಳಿಯಾಗಿಸುವ ಫಾಸ್ಫರ್ ಪುಡಿಯದು. ದೂರದಲ್ಲಿ ನಿಂತವನ ಪಾಲಿಗೆ ಬಟ್ಟಲಿನಷ್ಟು ಅಗಲದ ಎಲ್‌ಇಡಿಯೇ ಉರಿಯುತ್ತಿದ್ದಂತೆ. ಆದ್ದರಿಂದ ಲೆಕ್ಕ ಬಹಳ ಸರಳ: ಎಲ್‌ಇಡಿಯ ಒಂದು ಚದರ ಮಿಲಿಮೀಟರ್ ಮೈ ಎಷ್ಟು ಪ್ರಖರ, ಬಟ್ಟಲಿನ ಬಾಯಿ ಎಷ್ಟು ಚದರ ಮಿಲಿಮೀಟರ್, ಎರಡನ್ನೂ ಗುಣಿಸಿ, ಕನ್ನಡಿ ಗಾಜುಗಳು ನುಂಗುವುದನ್ನು ಕಳೆದರೆ ಕ್ಯಾಂಡೆಲಾ ಸಿಕ್ಕಿತು. ಈ ಲೆಕ್ಕದಲ್ಲಿ ಲ್ಯೂಮೆನ್ನಿಗೆ ಜಾಗವೇ ಇಲ್ಲ. ಒಂದೇ ಬಟ್ಟಲಿನಲ್ಲಿ ಹತ್ತು ಎಲ್‌ಇಡಿ ಒಟ್ಟಿಗೆ ಜೋಡಿಸಿದರೆ ಕಿರಣ ದಪ್ಪವಾಗುತ್ತದೆ, ಉದ್ದವಾಗುವುದಿಲ್ಲ.

ಮೇಣದ ಬತ್ತಿಯ ಜ್ವಾಲೆಯ ಪ್ರಖರತೆ ಚದರ ಮಿಲಿಮೀಟರಿಗೆ ಹೆಚ್ಚುಕಡಿಮೆ 0.01 ಕ್ಯಾಂಡೆಲಾ. ಬಲ್ಬಿನ ಟಂಗ್‌ಸ್ಟನ್ ತಂತಿ 10ರ ಆಸುಪಾಸು. ಥ್ರೋವರ್ ಕಟ್ಟುವವರು ಮುಗಿಬೀಳುವ ಆಸ್ರಾಮ್ ಕಂಪನಿಯ ಒಂದು ಚದರ ಮಿಲಿಮೀಟರಿನ ಚಪ್ಪಟೆ ಎಲ್‌ಇಡಿ, 5 ಆಂಪಿಯರ್ ಕುಡಿಸಿದರೆ 200 ದಾಟುತ್ತದೆ. ನಡುಹಗಲ ಸೂರ್ಯ ಸುಮಾರು 1,600. ಎಳ್ಳುಕಾಳಿಗಿಂತ ಚಿಕ್ಕ ಚೌಕವೊಂದು ಸೂರ್ಯನ ಎಂಟನೇ ಒಂದು ಪಾಲು ಪ್ರಖರವಾಗಿ ಉರಿಯುತ್ತದೆ ಎಂಬುದು ನನಗೆ ಇಂದಿಗೂ ಪೂರ್ತಿ ಅರಗಿಲ್ಲ.

ಇಂಥ ಚಪ್ಪಟೆ ಎಲ್‌ಇಡಿಗಳು ಕೈಗೆ ಸಿಗುವ ಮುಂಚೆ ಜನ ಗುಮ್ಮಟ ಕೀಳುತ್ತಿದ್ದರು. ಸಾಮಾನ್ಯ ಎಲ್‌ಇಡಿಯ ಮೇಲೆ ಸಿಲಿಕೋನಿನ ಪಾರದರ್ಶಕ ಗುಮ್ಮಟವಿರುತ್ತದೆ. ಹೆಚ್ಚು ಬೆಳಕು ಹೊರಬರಲೆಂದು ಕಂಪನಿಯವರು ಕೂರಿಸಿದ್ದು. ಆದರೆ ಅದು ಭೂತಗನ್ನಡಿಯ ಹಾಗೆ ಒಳಗಿನ ಚೌಕವನ್ನು ದೊಡ್ಡದು ಮಾಡಿ ತೋರಿಸುತ್ತದೆ. ದೊಡ್ಡದಾಗಿ ಕಂಡಷ್ಟೂ ಪ್ರಖರತೆ ತೆಳುವಾಗುತ್ತದೆ. ಗುಮ್ಮಟ ತೆಗೆದರೆ ಲ್ಯೂಮೆನ್ ಇಳಿಯುತ್ತದೆ, ಕ್ಯಾಂಡೆಲಾ ಮಾತ್ರ ಸುಮಾರು ಎರಡು ಪಟ್ಟಾಗುತ್ತದೆ. ದಾರಿ ಒರಟು: ಎಲ್‌ಇಡಿಯನ್ನು ಪೆಟ್ರೋಲಿನಲ್ಲಿ ನೆನೆಹಾಕುವುದು. ಸಿಲಿಕೋನ್ ಉಬ್ಬಿ, ನೆನೆದ ಬಾದಾಮಿಯ ಸಿಪ್ಪೆಯಂತೆ ಸಡಿಲಾಗುತ್ತದೆ. ಚೌಕದ ಅಂಚಿನಲ್ಲಿ ಕೂದಲಿಗಿಂತ ತೆಳುವಾದ ಚಿನ್ನದ ತಂತಿಗಳಿವೆ. ಅವಸರ ಪಟ್ಟರೆ ಗುಮ್ಮಟದ ಜೊತೆ ಅವೂ ಕಿತ್ತು ಬರುತ್ತವೆ. ನನ್ನ ಮೊದಲ ಎರಡು ಎಲ್‌ಇಡಿ ಸತ್ತದ್ದು ಹಾಗೆ.

ಉಳಿದ ಕೆಲಸವೆಲ್ಲ ಆ ಒಂದು ಚದರ ಮಿಲಿಮೀಟರಿನ ಸೇವೆ. ಐದು ಆಂಪಿಯರ್ ಹರಿದಾಗ ಏಳುವ ಬಿಸಿ ಕೂಡಲೇ ಇಳಿಯಬೇಕು, ಇಲ್ಲವಾದರೆ ಬೆಳಕು ಕುಸಿಯುತ್ತದೆ. ಅದಕ್ಕೆ ಎಲ್‌ಇಡಿಯ ಬೆನ್ನನ್ನು ನೇರ ತಾಮ್ರದ ಬಿಲ್ಲೆಗೆ ಬೆಸೆಯುವುದು. ತಾಮ್ರ ಅಲ್ಯೂಮಿನಿಯಮ್ಮಿಗಿಂತ ಚುರುಕಾಗಿ ಶಾಖ ಒಯ್ಯುತ್ತದೆ. ಸೆಲ್ಲಿನ ಹಿಂದಿನ ಉಕ್ಕಿನ ಸ್ಪ್ರಿಂಗಿನಲ್ಲೂ ವೋಲ್ಟೇಜ್ ಸೋರುತ್ತದೆ, ಅದರೊಳಗೆ ತುಂಡು ತಾಮ್ರದ ತಂತಿ ಹಾಯಿಸಿ ಎರಡೂ ತುದಿಗೆ ಬೆಸುಗೆ ಹಾಕಬೇಕು. ಎಲ್ಲಕ್ಕಿಂತ ಜೀವ ತಿನ್ನುವುದು ಫೋಕಸ್. ಎಲ್‌ಇಡಿ ಬಟ್ಟಲಿನ ನಾಭಿಯಲ್ಲೇ ಕೂರಬೇಕು. ಮಿಲಿಮೀಟರಿನ ಹತ್ತನೇ ಒಂದು ಭಾಗ ಆಚೀಚೆಯಾದರೂ ಬೆಳಕಿನ ನಡುವೆ ಕಪ್ಪು ತೂತು. ಸಂಜೆಯೆಲ್ಲ ಟೇಪಿನ ಪದರ ಒಂದು ಸೇರಿಸಿ, ಗೋಡೆಗೆ ಬಿಟ್ಟು ನೋಡಿ, ಬಿಚ್ಚಿ, ಅರ್ಧ ಕೆರೆದು, ಮತ್ತೆ ಬಿಟ್ಟು ನೋಡುತ್ತ ಕೂತಿದ್ದೇನೆ. ಮನೆಯವರಿಗೆ ಎರಡೂ ಬೆಳಕು ಒಂದೇ ಥರ ಕಾಣುತ್ತದಂತೆ.

ಈಚೆಗೆ ನೀಲಿ ಲೇಸರನ್ನು ಫಾಸ್ಫರಿಗೆ ಹೊಡೆದು ಬಿಳಿ ಬೆಳಕು ತೆಗೆಯುವ ಟಾರ್ಚುಗಳು ಬಂದಿವೆ. ಮೂಲ ಇನ್ನೂ ಚಿಕ್ಕದು, ಇನ್ನೂ ಪ್ರಖರ, ಆದ್ದರಿಂದ ಅಂಗೈಯಗಲದ ಬಟ್ಟಲಿಲ್ಲದೆಯೂ ಕಿಲೋಮೀಟರ್ ದಾಟುತ್ತವೆ. ಒಪ್ಪಿದೆ, ಆದರೆ ಅದು ಬೆಳಕಲ್ಲ, ಗೆರೆ. ಸುತ್ತಲಿನ ಒಂದಿಷ್ಟು ಮಬ್ಬಾದರೂ ಇಲ್ಲದ ಬ್ಯಾಟರಿ ಹಿಡಿದು ಕಾಲುದಾರಿಯಲ್ಲಿ ನಡೆಯುವವನ ಪಾಡು ಬೇಡ.

ನನ್ನದು 60 ಮಿಲಿಮೀಟರ್ ಬಾಯಿಯ ಬಟ್ಟಲು. ಹತ್ತು ಮೀಟರ್ ದೂರದಲ್ಲಿ ಲಕ್ಸ್ ಮೀಟರ್ (ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತದೆ ಎಂದು ಅಳೆಯುವ ಸಾಧನ) ಇಟ್ಟು ಅಳೆದಾಗ 4,000 ಲಕ್ಸ್ ಬಂತು. ದೂರದ ವರ್ಗದಿಂದ, ಅಂದರೆ 100ರಿಂದ, ಗುಣಿಸಿದರೆ 4 ಲಕ್ಷ ಕ್ಯಾಂಡೆಲಾ. ಅಮೆರಿಕದಲ್ಲಿ 2009ರಲ್ಲಿ ಬಂದ ಆನ್ಸಿ ಮಾನದಂಡದ ಪ್ರಕಾರ, ಬೆಳಕು 0.25 ಲಕ್ಸಿಗೆ, ಅಂದರೆ ಹುಣ್ಣಿಮೆಯ ಬೆಳದಿಂಗಳಷ್ಟಕ್ಕೆ, ಇಳಿಯುವ ದೂರವೇ ಟಾರ್ಚಿನ ದೂರ. ಕ್ಯಾಂಡೆಲಾದ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಸಾಕು: ನನ್ನದು 1,265 ಮೀಟರ್. ಅದನ್ನು ಇಮ್ಮಡಿ ಮಾಡಬೇಕೆಂದರೆ ನಾಲ್ಕು ಪಟ್ಟು ಕ್ಯಾಂಡೆಲಾ ಬೇಕು. ಬಟ್ಟಲಿನ ಬಾಯಿ 120 ಮಿಲಿಮೀಟರ್ ಆಗಬೇಕು, ಊಟದ ಬಟ್ಟಲೇ.

ಕಾಗದದ ಮೇಲಿನ 1,265 ನಂಬದ ಗೆಳೆಯನೊಬ್ಬ ಸ್ಕೂಟರ್ ಹತ್ತಿ ಎದುರು ಗುಡ್ಡದ ನೀರಿನ ಟ್ಯಾಂಕಿನ ಬುಡಕ್ಕೆ ಹೋಗಿ ನಿಂತ. ನಮ್ಮಂಗಳದಿಂದ ಸರಿಸುಮಾರು ಒಂದು ಕಿಲೋಮೀಟರ್. ಟ್ರೈಪಾಡಿಗೆ ಕಟ್ಟಿ ಬಿಟ್ಟೆ. ನನಗೆ ಏನೂ ಕಾಣಲಿಲ್ಲ, ಗುಡ್ಡವೂ ಇಲ್ಲ, ಟ್ಯಾಂಕೂ ಇಲ್ಲ. ಕಣ್ಣೆದುರು ಗಾಳಿಯ ತೇವ ಧೂಳುಗಳಿಗೆ ತಾಗಿ ಬೆಳ್ಳಗೆ ಎದ್ದ ಕಂಬ ಒಂದೇ. ಅಲ್ಲಿಗೆ ತಲುಪಿದ ಬೆಳದಿಂಗಳು ಟ್ಯಾಂಕಿನ ಗೋಡೆಗೆ ಬಡಿದು ಎಲ್ಲ ದಿಕ್ಕಿಗೂ ಚೆದುರಿ, ನನ್ನ ಕಣ್ಣಿಗೆ ವಾಪಸ್ ಬರುವುದು ಲೆಕ್ಕಕ್ಕೂ ಸಿಗದಷ್ಟು. ಬೆಕ್ಕಿನ ಕಣ್ಣಿನ ಹಿಂದೆ ಟೇಪೀಟಮ್ ಎಂಬ ಪದರವಿದೆ, ಬಂದ ಬೆಳಕನ್ನು ಬಂದ ದಾರಿಯಲ್ಲೇ ತಿರುಗಿಸಿ ಕಳಿಸುತ್ತದೆ. ಅಜ್ಜನ ಬ್ಯಾಟರಿ ಅಂದು ಮೈ ಮೇಲೂ ಬಿದ್ದಿತ್ತು; ವಾಪಸ್ ಬಂದದ್ದು ಕಣ್ಣಿನದು ಮಾತ್ರ.

ಫೋನ್ ಬಂತು. “ಏ, ಗೋಡೆ ಮೇಲೆ ನನ್ನ ನೆರಳು ಬಿದ್ದಿದೆ ಮಾರಾಯ! ನಾನು ಕಾಣ್ತಾ ಇದೀನಾ?”

ಅವನು ಕಾಣಲಿಲ್ಲ. ಅವನು ನಿಂತಿರಬಹುದಾದ ಕಡೆ, ಒಂದು ಬಿಳಿ ನಕ್ಷತ್ರ ನೆಲಕ್ಕೆ ಅಂಟಿ ಉರಿಯುತ್ತಿತ್ತು: ಸ್ಕೂಟರಿನ ನಂಬರ್ ಪ್ಲೇಟು.