ದ್ರಾಕ್ಷಿ ದಪ್ಪ ಆಗೋದಕ್ಕೂ ಭತ್ತದ ಬೂಷ್ಟಿಗೂ ಏನು ಸಂಬಂಧ?

ಪ್ರಶ್ನೆ: "ಸರ್, ನೊಣ, ಹುಳ, ಬೂಷ್ಟು ಅಂತ ಸರ್ಕಾರದ ದುಡ್ಡಲ್ಲಿ ವರ್ಷಗಟ್ಟಲೆ ಸಂಶೋಧನೆ ಮಾಡ್ತಾರಲ್ರಿ, ಅದರಿಂದ ನಮಗೇನ್ರೀ ಉಪಯೋಗ? ಸೀದಾ ರೈತರಿಗೆ ಬೇಕಾದ್ದನ್ನೇ ಕಂಡುಹಿಡೀಬಾರದಾ?"

ಈ ಪ್ರಶ್ನೆ ಎಷ್ಟನೇ ಸಲ ಬಂತೋ, ಲೆಕ್ಕ ಇಡೋದು ಬಿಟ್ಟಿದ್ದೇನೆ. ಈ ಸಲ ಕೇಳಿದವರು ವಿಜಯಪುರದ ಹತ್ತಿರದ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು. ಹಾಗಾಗಿ ನನ್ನ ಕೆಲಸ ಸುಲಭ ಆಯಿತು, ಉತ್ತರ ಅವರ ತೋಟದಲ್ಲೇ ಇದೆ.

ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವ ಕೆಲಸ) ಮುಗಿದು ಕಾಯಿ ಕಟ್ಟಿದ ಮೇಲೆ ಏನು ಮಾಡುತ್ತೀರಿ? ಆಳು ಹಚ್ಚಿ ಜಿಎ ಡಿಪ್ಪಿಂಗ್ ಮಾಡಿಸುತ್ತೀರಿ, ಅಂದರೆ ಜಿಬ್ಬರೆಲಿಕ್ ಆಸಿಡ್ ಎಂಬ ಬೆಳವಣಿಗೆಯ ಹಾರ್ಮೋನಿನಲ್ಲಿ ಗೊಂಚಲು ಅದ್ದಿಸುತ್ತೀರಿ. ಬಿಳಿ ಪುಡಿ ಸೀದಾ ನೀರಿಗೆ ಹಾಕಿದರೆ ಸರಿಯಾಗಿ ಕರಗಲ್ಲ, ಮೊದಲು ಸ್ಪಿರಿಟ್‌ನಲ್ಲಿ ಕರಗಿಸಬೇಕು. ಆಮೇಲೆ ಮಗ್ಗಿನಲ್ಲಿ ದ್ರಾವಣ ಹಿಡಿದು, ಒಂದೊಂದೇ ಗೊಂಚಲು ಮುಳುಗಿಸಿ, ಮೆಲ್ಲಗೆ ಅಲುಗಿಸಿ ಬಿಡುವುದು. ಲೀಟರಿಗೆ ಗ್ರಾಂ ಕೂಡ ಅಲ್ಲ, ಮಿಲಿಗ್ರಾಂ ಲೆಕ್ಕ. ಅಷ್ಟಕ್ಕೇ ಕಾಯಿ ಉದ್ದ ಆಗಿ ತುಂಬಿಕೊಳ್ಳುತ್ತದೆ.

ಈ ಜಿಬ್ಬರೆಲಿಕ್ ಆಸಿಡ್ ದ್ರಾಕ್ಷಿ ಸಂಶೋಧನೆಯಿಂದ ಬಂದದ್ದಲ್ಲ. ಜಪಾನಿನಲ್ಲಿ ಭತ್ತಕ್ಕೆ ಒಂದು ರೋಗ ಬರುತ್ತಿತ್ತು. ಸಸಿ ಹಳದಿಯಾಗಿ, ಸಣಕಲಾಗಿ, ಉಳಿದವುಗಳಿಗಿಂತ ಸರ್ರನೆ ಎತ್ತರ ಬೆಳೆದು ಕೊನೆಗೆ ಕಾಳು ಕಟ್ಟದೆ ಸಾಯುತ್ತಿತ್ತು. ಅಲ್ಲಿಯ ರೈತರು ಅದನ್ನು 'ಪೆದ್ದ ಸಸಿ' ಎಂದೇ ಕರೆಯುತ್ತಿದ್ದರು. ಕಾರಣ ಒಂದು ಬೂಷ್ಟು. 1926ರಲ್ಲಿ ಎಯಿಚಿ ಕುರೊಸಾವಾ ಎಂಬುವರು ತೈವಾನ್‌ನಲ್ಲಿ ಆ ಬೂಷ್ಟು ಬೆಳೆಸಿದ ದ್ರವವನ್ನು ಸೋಸಿ, ಬೂಷ್ಟು ತೆಗೆದು, ಬರೀ ದ್ರವವನ್ನೇ ಆರೋಗ್ಯವಾಗಿದ್ದ ಸಸಿಗೆ ಕೊಟ್ಟರು. ಆ ಸಸಿಯೂ ಪೆದ್ದಾಯಿತು! ಅಂದರೆ ಬೂಷ್ಟು ಏನನ್ನೋ ಬಿಡುತ್ತಿದೆ. 1935ರಲ್ಲಿ ಜಪಾನಿನ ವಿಜ್ಞಾನಿ ಯಬುಟಾ ಅದಕ್ಕೆ ಜಿಬ್ಬರೆಲಿನ್ ಎಂದು ಹೆಸರಿಟ್ಟರು. ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಬೀಜವಿಲ್ಲದ ದ್ರಾಕ್ಷಿಗೆ ಹಾಕಿ ನೋಡುವ ಹೊತ್ತಿಗೆ 1950ರ ದಶಕ ಮುಗಿಯುತ್ತಾ ಬಂದಿತ್ತು.

"ಅಯ್ಯೋ, ಅದೂ ರೋಗದ ಕೆಲಸವೇ ಅಲ್ವಾ, ಉಪಯೋಗಕ್ಕೇ ಮಾಡಿದ್ದಲ್ವಾ" ಅನ್ನುತ್ತೀರಿ. ಗೊತ್ತು, ಪ್ರತಿ ಸಲ ಅನ್ನುತ್ತೀರಿ. ಸ್ವಲ್ಪ ನಿಲ್ಲಿ. ಭತ್ತದ ರೈತನಿಗೆ ಬೇಕಾಗಿದ್ದದ್ದು ರೋಗ ಹೋಗಿಸುವ ಔಷಧಿ. ಸಸಿ ಯಾಕೆ ಉದ್ದ ಆಗುತ್ತದೆ ಅನ್ನುವುದು ಅವನಿಗೆ ಬೇಡದ ಉಸಾಬರಿ. 'ಬೇಕಾದ್ದಷ್ಟೇ ಹುಡುಕಿ' ಅನ್ನುವ ನಿಮ್ಮ ನಿಯಮ ಅವತ್ತು ಇದ್ದಿದ್ದರೆ ಕುರೊಸಾವಾಗೆ ದುಡ್ಡು ನಿಂತುಹೋಗುತ್ತಿತ್ತು. ಇನ್ನು ದ್ರಾಕ್ಷಿ ದಪ್ಪ ಮಾಡುವ ವಸ್ತು ಹುಡುಕಿ ಎಂದು ಯಾರಾದರೂ ಸೀದಾ ಹೊರಟಿದ್ದರೆ ದ್ರಾಕ್ಷಿ ತೋಟದಲ್ಲಿ ಹುಡುಕುತ್ತಿದ್ದರು, ಗೊಬ್ಬರದಲ್ಲಿ ಹುಡುಕುತ್ತಿದ್ದರು. ಭತ್ತದ ಗದ್ದೆಯ ಬೂಷ್ಟಿನ ಕಡೆ ಯಾಕೆ ಹೋಗುತ್ತಾರೆ? ಬೇಕಾದದ್ದು ಎಲ್ಲಿದೆ ಎಂದು ಮೊದಲೇ ಗೊತ್ತಿದ್ದರೆ ಅದಕ್ಕೆ ಸಂಶೋಧನೆ ಅಂತ ಯಾಕೆ ಅನ್ನಬೇಕು, ಸಂತೆಗೆ ಹೋಗಿ ತಂದಂತೆ ತಂದರೆ ಆಯಿತು. ತಮಾಷೆ ಅಂದರೆ ಇವತ್ತಿಗೂ ಆ ಪುಡಿ ತಯಾರಾಗುವುದು ಅದೇ ಬೂಷ್ಟನ್ನು ದೊಡ್ಡ ಟ್ಯಾಂಕಿನಲ್ಲಿ ಬೆಳೆಸಿಯೇ.

ಕೊರೋನಾ ಟೆಸ್ಟಿನ ಕಥೆಯೂ ಹೀಗೇ. 1966ರಲ್ಲಿ ಅಮೆರಿಕದ ಬಿಸಿನೀರಿನ ಬುಗ್ಗೆಯಲ್ಲಿ ಸಿಕ್ಕ ಬ್ಯಾಕ್ಟೀರಿಯಾ, ಅದರಿಂದ ಬಂದ ಬಿಸಿ ತಡೆಯುವ ಕಿಣ್ವ ಇರದಿದ್ದರೆ ಆರ್‌ಟಿ-ಪಿಸಿಆರ್ ಈ ರೂಪದಲ್ಲಿ ಇರುತ್ತಿರಲಿಲ್ಲ. ಹಾಗಂತ ಎಲ್ಲಾ ಸಂಶೋಧನೆಯಿಂದಲೂ ಏನಾದರೂ ಹುಟ್ಟುತ್ತದೆ ಅಂತಲ್ಲ. ಜಾಸ್ತಿ ಪಾಲು ಏನೂ ಹುಟ್ಟಲ್ಲ. ಯಾವುದರಿಂದ ಹುಟ್ಟುತ್ತದೆ ಎಂದು ಮೊದಲೇ ಹೇಳಲು ಬರಲ್ಲ, ಅದೇ ತೊಂದರೆ.

ಜಿಎ ಮಾತು ಬಂತಲ್ಲ, ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ವಿಜಯಪುರದ ಮಾರ್ಕೆಟ್ಟಿನಲ್ಲಿ ಉದ್ದ ದ್ರಾಕ್ಷಿ ನೋಡಿ "ಇಂಜೆಕ್ಷನ್ ಕೊಟ್ಟಿದ್ದಾರೆ" ಎಂದು ಪಿಸುಗುಡುವವರಿದ್ದಾರೆ. ಬೀಜ ಇರುವ ದ್ರಾಕ್ಷಿಯಲ್ಲಿ ಈ ಹಾರ್ಮೋನನ್ನು ಬೀಜವೇ ಒದಗಿಸುತ್ತದೆ. ಥಾಮ್ಸನ್ ತಳಿಗೆ ಬೀಜವೇ ಇಲ್ಲ, ಅದಕ್ಕೇ ಹೊರಗಿಂದ ಅದ್ದುವುದು. ಗಿಡದೊಳಗೆ ಇರುವಂಥದ್ದೇ, ಇಂಜೆಕ್ಷನ್ ಗಿಂಜೆಕ್ಷನ್ ಏನಿಲ್ಲ. ಹಣ್ಣು ಚೆನ್ನಾಗಿ ತೊಳೆದು ತಿನ್ನಿ ಎಂದು ನಾನು ಹೇಳುವುದು ದ್ರಾಕ್ಷಿಗೆ ಬರುವ ಡೌನಿ ಎಂಬ ರೋಗಕ್ಕೆ ಹೊಡೆದ ಔಷಧಿಯ ಸಲುವಾಗಿ, ಜಿಎ ಸಲುವಾಗಿ ಅಲ್ಲ.